ನೀರು ಬಿಡಿಸುವವರು ಯಾರು? ಒಂದು ಸರ್ಕಾರಿ ತೀರ್ಮಾನದ ಬುಡ ಹುಡುಕುವ ದಾರಿ

ನಮ್ಮೂರು ಕೆಆರ್‌ಎಸ್ ಅಣೆಕಟ್ಟಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿದೆ. ಮದ್ದೂರು, ಮಳವಳ್ಳಿ ಕಡೆಯವರಿಗೆ ಕೊನೆ ಭಾಗ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್ ತುಂಬಿ, ನಾಲೆಗೆ ನೀರು ಬಿಟ್ಟು, ಮೇಲಿನ ಊರುಗಳಲ್ಲಿ ನಾಟಿ ಮುಗಿದ ಮೇಲೂ ನಮ್ಮ ತೂಬಿನಲ್ಲಿ ನೀರು ಕಾಣುವುದು ಯಾವಾಗಲೋ. ಕೆಲವು ವರ್ಷಗಳ ಹಿಂದೆ ನಾವು ಹತ್ತು ಹನ್ನೆರಡು ಜನ ಸೇರಿ ಒಂದು ಅರ್ಜಿ ಬರೆದೆವು. ಉಪಕಾಲುವೆಯಲ್ಲಿ ಹೂಳು ತುಂಬಿದೆ, ತೆಗೆಸಿಕೊಡಿ ಅಂತ. ಒಂದು ಕಚೇರಿಗೆ ಕೊಟ್ಟೆವು. ಒಂದೂವರೆ ವರ್ಷ ಅಲ್ಲಿಗೇ ಓಡಾಡಿದೆವು. ಕೊನೆಗೆ ಬಂದದ್ದು ಒಂದು ಸಾಲಿನ ಉತ್ತರ: ‘ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.’

ಅಷ್ಟರಲ್ಲಿ ಎರಡು ಬೆಳೆ ಹೋಗಿತ್ತು. ಆ ಸಿಟ್ಟಿನಲ್ಲೇ ನಾನು ಈ ವಿಷಯ ಓದಲು ಶುರು ಮಾಡಿದ್ದು. ಸರ್ಕಾರ ಅನ್ನುವುದು ಒಂದು ಮನೆ, ಅದಕ್ಕೊಬ್ಬ ಯಜಮಾನ ಇದ್ದಾನೆ, ಅವನ ಕಿವಿಗೆ ಬಿದ್ದರೆ ಕೆಲಸ ಆಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಿಲ್ಲ. ಒಂದು ತೀರ್ಮಾನ ನಮ್ಮ ಗದ್ದೆಗೆ ಮುಟ್ಟುವ ಮುಂಚೆ ಹತ್ತಾರು ಸಂಸ್ಥೆಗಳ ಕೈ ದಾಟಿ ಬರುತ್ತದೆ. ಯಾವ ಕೈ ಎಲ್ಲಿದೆ ಅಂತ ಕಂಡುಹಿಡಿಯಲು ನಾನು ಬಳಸುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ನಮ್ಮ ರಾಜ್ಯಕ್ಕೆ ಮಾತ್ರ ಅಲ್ಲ, ಬೇರೆ ದೇಶದ ಸುದ್ದಿ ಓದುವಾಗಲೂ ಇದೇ ದಾರಿ ನಡೆಯುತ್ತದೆ, ಅದನ್ನೂ ತೋರಿಸುತ್ತೇನೆ.

ಮೊದಲು ಒಂದೇ ವಿಷಯ ಹಿಡಿಯಿರಿ

‘ರೈತರ ಸಮಸ್ಯೆ’, ‘ಶಿಕ್ಷಣ ನೀತಿ’ ಅಂತೆಲ್ಲ ದೊಡ್ಡದಾಗಿ ಹಿಡಿದರೆ ಎಲ್ಲೂ ಮುಟ್ಟುವುದಿಲ್ಲ. ಒಂದು ತೀರ್ಮಾನ, ಒಂದು ತಾರೀಖು, ಒಂದು ಜಾಗ ಬೇಕು. ‘2023ರ ಸೆಪ್ಟೆಂಬರ್‌ನಲ್ಲಿ ಕೆಆರ್‌ಎಸ್‌ನಿಂದ ತಮಿಳುನಾಡಿಗೆ ನೀರು ಬಿಟ್ಟದ್ದು’ ಅಂದರೆ ಅದು ಹಿಡಿತಕ್ಕೆ ಸಿಗುವ ವಿಷಯ. ಆ ತಿಂಗಳು ಮಂಡ್ಯದಲ್ಲಿ ಇದ್ದವರಿಗೆ ನೆನಪಿರುತ್ತದೆ. 23ನೇ ತಾರೀಖು ಮಂಡ್ಯ ಬಂದ್ ಆಯಿತು, 29ಕ್ಕೆ ಕರ್ನಾಟಕ ಬಂದ್ ಆಯಿತು. ‘ನೀರು ಬಿಡಿ ಅಂದವರು ಯಾರು?’ ಅಂತ ಕೇಳಿದರೆ ಒಬ್ಬರು ಮುಖ್ಯಮಂತ್ರಿ ಅಂದರು, ಒಬ್ಬರು ದೆಹಲಿ ಅಂದರು, ಮತ್ತೊಬ್ಬರು ಕೋರ್ಟ್ ಅಂದರು. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇತ್ತು.

ಆಮೇಲೆ ಕಾಗದ ಹುಡುಕಿ

ಕಾಗದದ ಜಾತಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕಾಯ್ದೆ ಆದರೆ ಅದನ್ನು ಬದಲಾಯಿಸಲು ವಿಧಾನಮಂಡಲವೋ ಸಂಸತ್ತೋ ಬೇಕು. ನಿಯಮ ಆದರೆ ಸರ್ಕಾರವೇ ಬದಲಾಯಿಸಬಹುದು, ಆದರೆ ಸದನದ ಮುಂದೆ ಇಡಬೇಕು. ಸರ್ಕಾರಿ ಆದೇಶ ಆದರೆ ಇಲಾಖೆ ಸಾಕು. ಸುತ್ತೋಲೆ ಆದರೆ ಇಲಾಖೆಯ ಮುಖ್ಯಸ್ಥರು ಮನಸ್ಸು ಮಾಡಿದರೆ ಆಯಿತು. ಸುತ್ತೋಲೆಯಿಂದ ಆದ ತೊಂದರೆಗೆ ಶಾಸಕರ ಮನೆ ಮುಂದೆ ಕಾಯುವುದು, ಕಾಯ್ದೆಯಲ್ಲೇ ಇರುವ ತೊಂದರೆಗೆ ತಹಶೀಲ್ದಾರರ ಹತ್ತಿರ ಜಗಳ ಆಡುವುದು, ಎರಡರಲ್ಲೂ ನಮ್ಮ ದಿನ ಹಾಳು.

ರಾಜ್ಯದ ಒಂದು ಆದೇಶ ಸಿಕ್ಕರೆ ಅದನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿ. ‘ಕರ್ನಾಟಕ ಸರ್ಕಾರದ ನಡವಳಿಗಳು’ ಅಂತ ತಲೆಬರಹ ಇರುತ್ತದೆ. ಕೆಳಗೆ ‘ಓದಲಾಗಿದೆ’ ಅಂತ ಹಳೇ ಪತ್ರಗಳ ಪಟ್ಟಿ. ಬಹಳ ಜನ ಇದನ್ನು ದಾಟಿ ಮುಂದೆ ಹೋಗುತ್ತಾರೆ. ದಾಟಬೇಡಿ, ಈ ವಿಷಯ ಮೊದಲು ಎತ್ತಿದವರು ಯಾರು, ಯಾವ ಪತ್ರದ ಮೇಲೆ ಯಾವ ಪತ್ರ ಬಂತು ಅನ್ನುವುದು ಅಲ್ಲೇ ಸಿಗುತ್ತದೆ. ಆಮೇಲೆ ‘ಪ್ರಸ್ತಾವನೆ’, ಅಂದರೆ ಕಾರಣ. ಆಮೇಲೆ ಆದೇಶ. ದುಡ್ಡಿನ ಮಾತು ಇದ್ದರೆ ಕೊನೆಯಲ್ಲಿ ‘ಆರ್ಥಿಕ ಇಲಾಖೆಯ ಸಹಮತಿಯನ್ವಯ’ ಅಂತ ಒಂದು ಸಾಲು ಇರುತ್ತದೆ. ಅದರ ಕೆಳಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತ ಬರೆದು ಒಬ್ಬ ಅಧೀನ ಕಾರ್ಯದರ್ಶಿ ಸಹಿ ಮಾಡಿರುತ್ತಾರೆ.

ಇಲ್ಲಿ ರಾಜ್ಯಪಾಲರ ಹೆಸರಿದೆ, ಅವರು ತೀರ್ಮಾನ ಮಾಡಿದವರಲ್ಲ. ಸಹಿ ಅಧೀನ ಕಾರ್ಯದರ್ಶಿಯದು, ಅವರೂ ತೀರ್ಮಾನ ಮಾಡಿದವರಲ್ಲ. ಆ ಆರ್ಥಿಕ ಇಲಾಖೆಯ ಸಾಲು ನೋಡಿ. ಅವರು ಒಪ್ಪದಿದ್ದರೆ ಈ ಕಾಗದ ಹೊರಗೇ ಬರುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಹುಟ್ಟಿದ್ದು ಇಲ್ಲೇ. ‘ಇದನ್ನು ಮಾಡಿದವರು ಯಾರು’ ಅಂತ ಕೇಳುವುದಕ್ಕಿಂತ ‘ಇದನ್ನು ಯಾರ್ಯಾರು ತಡೆಯಬಹುದಿತ್ತು’ ಅಂತ ಕೇಳಿ. ಮಾಡಿದೆ ಅಂತ ಹೇಳಿಕೊಳ್ಳುವವರು ತುಂಬಾ ಜನ ಸಿಗುತ್ತಾರೆ. ತಡೆಯುವ ಅಧಿಕಾರ ಇರುವವರು ಕೆಲವರೇ, ಅವರ ಪಟ್ಟಿ ಬರೆದರೆ ಒಂದು ದೇಶದ ರಾಜಕೀಯ ವ್ಯವಸ್ಥೆ ಹೇಗಿದೆ ಅನ್ನುವುದು ತಾನೇ ಗೊತ್ತಾಗುತ್ತದೆ.

ತಡೆಯುವ ಕೈಗಳನ್ನು ಎಣಿಸಿ

ನಮ್ಮ ಕಾವೇರಿಯನ್ನೇ ತೆಗೆದುಕೊಳ್ಳಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ನೀರು, ನೀರಾವರಿ ರಾಜ್ಯದ ಪಟ್ಟಿಯಲ್ಲಿವೆ. ಹಾಗಂತ ಅಲ್ಲಿಗೇ ನಿಲ್ಲಿಸಿದರೆ ತಪ್ಪು. ಒಂದಕ್ಕಿಂತ ಹೆಚ್ಚು ರಾಜ್ಯದಲ್ಲಿ ಹರಿಯುವ ನದಿಯ ಮೇಲೆ ಕಾನೂನು ಮಾಡುವ ಅಧಿಕಾರ ಕೇಂದ್ರದ ಪಟ್ಟಿಯಲ್ಲಿದೆ. ಜಗಳ ಬಂದರೆ 1956ರ ಅಂತರರಾಜ್ಯ ಜಲ ವಿವಾದ ಕಾಯ್ದೆಯ ಪ್ರಕಾರ ನ್ಯಾಯಮಂಡಳಿ. ಕಾವೇರಿಗೆ ಅದು ಬಂದದ್ದು 1990ರ ಜೂನ್‌ನಲ್ಲಿ. 1991ರ ಜೂನ್ 25ಕ್ಕೆ ಮಧ್ಯಂತರ ಆದೇಶ ಬಂತು: ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು.

ಒಂದು ತಿಂಗಳೊಳಗೆ ಬಂಗಾರಪ್ಪನವರ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು, ನಮ್ಮ ರೈತರ ನೀರು ಕಾಯಲು. ಇಲ್ಲಿ ಜನ, ಶಾಸಕರು, ಮುಖ್ಯಮಂತ್ರಿ ಎಲ್ಲ ಒಂದು ಕಡೆ ಇದ್ದರು. ಆದರೂ ನಿಲ್ಲಲಿಲ್ಲ. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು, ಅದೇ ನವೆಂಬರ್ 22ಕ್ಕೆ ಕೋರ್ಟು ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಅಂದಿತು. ರಾಜ್ಯ ಇಡೀ ಒಂದಾದರೂ ತಾನೊಂದೇ ತೀರ್ಮಾನಿಸಲು ಆಗದ ವಿಷಯ ಇದು ಅಂತ ಅವತ್ತೇ ತೀರ್ಮಾನ ಆಗಿತ್ತು.

2007ರ ಫೆಬ್ರವರಿ 5ಕ್ಕೆ ಅಂತಿಮ ತೀರ್ಪು: ಕರ್ನಾಟಕಕ್ಕೆ 270 ಟಿಎಂಸಿ, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7. ರಾಜ್ಯಪತ್ರದಲ್ಲಿ ಅಚ್ಚಾಗಲು 2013ರವರೆಗೆ ಕಾಯಬೇಕಾಯಿತು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ಕ್ಕೆ ನಮ್ಮ ಪಾಲನ್ನು 284.75ಕ್ಕೆ ಏರಿಸಿತು. ಹೆಚ್ಚು ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡು ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ನಾವು ತೋರಿಸಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ತಿಂಗಳ ಲೆಕ್ಕವೂ ಇದೆ, ಆಗಸ್ಟ್ ತಿಂಗಳೊಂದಕ್ಕೇ 45.95 ಟಿಎಂಸಿ. ಮಳೆ ಕೈಕೊಟ್ಟ ವರ್ಷ ಜಗಳ ಆಗುವುದು ಈ ತಿಂಗಳ ಲೆಕ್ಕದ ಮೇಲೇ.

2018ರ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಬಂತು, ಅದರ ಕೆಳಗೆ ನೀರು ನಿಯಂತ್ರಣ ಸಮಿತಿ. 2023ರಲ್ಲಿ ದಿನವೂ 5,000 ಕ್ಯುಸೆಕ್ (ಸೆಕೆಂಡಿಗೆ 5,000 ಘನ ಅಡಿ) ಅಂತ ಮೊದಲು ಹೇಳಿದ್ದು ಸಮಿತಿ, ಅದನ್ನು ಎತ್ತಿಹಿಡಿದದ್ದು ಪ್ರಾಧಿಕಾರ. ನಾವು ಸುಪ್ರೀಂ ಕೋರ್ಟಿಗೆ ಹೋದಾಗ ಸೆಪ್ಟೆಂಬರ್ 21ಕ್ಕೆ ಕೋರ್ಟು ಕೈ ಹಾಕುವುದಿಲ್ಲ ಅಂದಿತು. ಎರಡು ದಿನಕ್ಕೆ ಮಂಡ್ಯ ಬಂದ್.

ಬಂದ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಹೊಟ್ಟೆಯ ಸಂಕಟ ರಸ್ತೆಗೇ ಬರಬೇಕು. ಆದರೆ ಆ ವರ್ಷ ನಿಜವಾದ ಮಾತು ನಡೆದದ್ದು ಸಮಿತಿಯ ಸಭೆಯಲ್ಲಿ. ಅಲ್ಲಿ ಲೆಕ್ಕಕ್ಕೆ ಬರುವುದು ಒಳಹರಿವಿನ ಅಂಕಿ, ನಾಲ್ಕು ಜಲಾಶಯಗಳ ಮಟ್ಟ, ನಿಂತಿರುವ ಬೆಳೆಯ ಎಕರೆ. ನಮ್ಮ ತಾಲ್ಲೂಕಿನ ಬೆಳೆಯ ಲೆಕ್ಕ ಸರಿಯಾಗಿ ಬರೆದಿದ್ದಾರಾ ಅಂತ ನಾವು ಯಾರೂ ಆಗ ಕೇಳಲಿಲ್ಲ. ಈಗ ಕೇಳುತ್ತೇವೆ.

ಹಳೇ ಕಾಗದಕ್ಕೂ ಜೀವ ಇರುತ್ತದೆ

ಇವತ್ತಿನ ಸಂಸ್ಥೆಗಳನ್ನು ಮಾತ್ರ ಎಣಿಸಿದರೆ ಸಾಲದು. ಕೆಆರ್‌ಎಸ್ ಕಟ್ಟಿದ್ದು ರಾಜರ ಕಾಲದಲ್ಲಿ. ರಾಜರ ಮಾತು ಅಂದಮೇಲೆ ತಡೆಯುವವರು ಯಾರು ಅಂತ ಅನ್ನಿಸುತ್ತದೆ ಅಲ್ವಾ? ತಡೆಯುವವರು ಇದ್ದರು. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ನಡುವೆ ಆದ ಒಪ್ಪಂದದ ಪ್ರಕಾರ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವ ಹಾಗಿರಲಿಲ್ಲ. ಆ ಕಡೆ ಬ್ರಿಟಿಷರ ಪ್ರಾಂತ್ಯ, ಈ ಕಡೆ ಬ್ರಿಟಿಷರಿಗೆ ತಗ್ಗಿ ನಡೆಯಬೇಕಾದ ಸಂಸ್ಥಾನ. 1911ರಲ್ಲಿ ಕೆಲಸ ಶುರುವಾದಾಗ ಮದ್ರಾಸ್ ಒಪ್ಪಿದ್ದು ಬರೀ 11 ಟಿಎಂಸಿಯಷ್ಟು ಸಣ್ಣ ಕಟ್ಟೆಗೆ. ವಿಶ್ವೇಶ್ವರಯ್ಯನವರು ಪಾಯ ಹಾಕಿಸಿದ್ದು ಮುಂದೆ ಏರಿಸಬಹುದಾದ ದೊಡ್ಡ ಕಟ್ಟೆಗೆ. ವ್ಯಾಜ್ಯ ನಡೆಯಿತು, 1914ರಲ್ಲಿ ಮಧ್ಯಸ್ಥರು ಮೈಸೂರಿನ ಪರ ಹೇಳಿದರು, ಮದ್ರಾಸ್ ಒಪ್ಪದೆ ಮೇಲಕ್ಕೆ ಹೋಯಿತು. 1924ರ ಒಪ್ಪಂದ ಆಗುವವರೆಗೂ ಇದು ಮುಗಿಯಲಿಲ್ಲ. ಇವತ್ತು ನಾವು ನೋಡುವ ಕೆಆರ್‌ಎಸ್‌ನ 124.80 ಅಡಿ ನೀರಿನ ಮಟ್ಟದ ಹಿಂದೆ ಇಷ್ಟೆಲ್ಲ ಇದೆ.

2018ರ ತೀರ್ಪು ಬರೆಯುವಾಗಲೂ ಸುಪ್ರೀಂ ಕೋರ್ಟ್ ಆ ಎರಡು ಒಪ್ಪಂದಗಳನ್ನು ಮುಂದಿಟ್ಟುಕೊಂಡು ಕೂತಿತ್ತು. ಮಾಡಿಕೊಂಡಾಗ ಅವಕ್ಕೆ ಬೆಲೆ ಇತ್ತು, 1924ರದ್ದು 50 ವರ್ಷಕ್ಕೆ ಮುಗಿಯಿತು ಅಂದಿತು. ರಾಜರು ಹೋದರು, ಮದ್ರಾಸ್ ಪ್ರಾಂತ್ಯ ಹೋಯಿತು, ಕಾಗದ ಮಾತ್ರ ನೂರು ವರ್ಷ ದಾಟಿ ಕೋರ್ಟಿನ ಮೇಜಿನ ಮೇಲಿತ್ತು. ನೀವು ಹುಡುಕುವ ತೀರ್ಮಾನಕ್ಕೂ ಇಂಥ ಹಳೇ ಕಾಗದ ಒಂದು ಇದ್ದೇ ಇರುತ್ತದೆ. ‘ಓದಲಾಗಿದೆ’ ಪಟ್ಟಿಯ ಮೊದಲ ಸಾಲಿನಿಂದ ಹಿಂದಕ್ಕೆ ಹೋಗಿ.

ಆ ಕಾಲದಲ್ಲಿ ಜನರಿಗೆ ಬಾಗಿಲೇ ಇರಲಿಲ್ಲ ಅಂತಲೂ ಅಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರಾ ಸಮಯಕ್ಕೆ ಮೈಸೂರಿನಲ್ಲಿ ಸೇರುತ್ತಿತ್ತು. ಮೊದಲ ಸಭೆಗೆ ಬಂದವರು 144 ಜನ. ಅವರು ಕೇಳಬಹುದಿತ್ತು, ಹೇಳಬಹುದಿತ್ತು, ತಡೆಯುವ ಹಾಗಿರಲಿಲ್ಲ. ಹೊಸ ತೆರಿಗೆ ಹಾಕುವ ಮುಂಚೆ ಸಭೆಯನ್ನು ಕೇಳಬೇಕು ಅನ್ನುವುದು ಕಾನೂನಾಗಿ ಬಂದದ್ದು 1923ರಲ್ಲಿ. ಕೇಳುವ ಹಕ್ಕಿಗೂ ತಡೆಯುವ ಹಕ್ಕಿಗೂ ನಡುವೆ 42 ವರ್ಷ ಕಳೆದರೂ ಪೂರ್ತಿ ದಾಟಲು ಆಗಲಿಲ್ಲ. ನಮ್ಮ ಗ್ರಾಮಸಭೆಗೆ ಹೋದಾಗ ನನಗೆ ಇದು ನೆನಪಾಗುತ್ತದೆ. ಅಲ್ಲಿ ನಾವು ಹೇಳಿದ್ದು ಬರೀ ಅಹವಾಲೋ, ಅದರ ಮೇಲೆ ನಿರ್ಣಯ ಆಗಿ ಪುಸ್ತಕದಲ್ಲಿ ಬರೆದರೋ ಅಂತ ನೋಡಿಕೊಂಡೇ ಎದ್ದು ಬರುತ್ತೇನೆ.

ಇದೇ ಪ್ರಶ್ನೆ ಬೇರೆ ದೇಶಗಳಿಗೆ ಕೇಳಿ ನೋಡಿ

ದೇಶಗಳನ್ನು ಹೋಲಿಸುವಾಗ ಬೇರೆ ಬೇರೆ ವಿಷಯ ಹಿಡಿದರೆ ತಲೆ ಕೆಡುತ್ತದೆ. ನಾನು ಎಲ್ಲ ಕಡೆ ಅಣೆಕಟ್ಟನ್ನೇ ಹಿಡಿದೆ, ನಮಗೆ ಗೊತ್ತಿರುವ ವಿಷಯ ಅಲ್ವಾ.

ಬ್ರಿಟನ್ನಿಂದ ಶುರು ಮಾಡೋಣ. ವೇಲ್ಸ್‌ನಲ್ಲಿ ಕಾಪೆಲ್ ಕೆಲಿನ್ ಅಂತ ಒಂದು ಹಳ್ಳಿ ಇತ್ತು, ವೆಲ್ಷ್ ಮಾತಾಡುವ ಜನ. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಯಿತು. ನಗರಸಭೆ ವೇಲ್ಸ್‌ನ ಸ್ಥಳೀಯ ಸಂಸ್ಥೆಗಳ ಹತ್ತಿರ ಹೋಗಲೇ ಇಲ್ಲ, ನೇರವಾಗಿ ಲಂಡನ್ನಿನ ಪಾರ್ಲಿಮೆಂಟಿಗೆ ಮಸೂದೆ ತಂದಿತು. ವೇಲ್ಸ್‌ನ ಒಬ್ಬ ಸಂಸದರೂ ಅದರ ಪರ ಮತ ಹಾಕಲಿಲ್ಲ. 1957ರಲ್ಲಿ ಕಾಯ್ದೆ ಆಯಿತು. 1965ಕ್ಕೆ ಊರು ನೀರಿನೊಳಗೆ ಹೋಗಿತ್ತು, ಶಾಲೆ, ಚರ್ಚು, ಹೊಲ ಎಲ್ಲ. ಕೆಆರ್‌ಎಸ್ ಕಟ್ಟಿದಾಗ ಕನ್ನಂಬಾಡಿ ಮುಳುಗಿದ ಕಥೆ ಕೇಳಿ ಬೆಳೆದವರಿಗೆ ಇದನ್ನು ಓದುವಾಗ ಗಂಟಲು ಕಟ್ಟುತ್ತದೆ. ಅಲ್ಲಿ ಪಾರ್ಲಿಮೆಂಟ್ ಮಾಡಿದ ಕಾಯ್ದೆಯನ್ನು ಕೋರ್ಟು ರದ್ದು ಮಾಡುವ ಹಾಗಿಲ್ಲ. ಆಗ ವೇಲ್ಸ್‌ಗೆ ತನ್ನದೇ ಸಭೆಯೂ ಇರಲಿಲ್ಲ. ತಡೆಯುವ ಕೈ ಒಂದೇ, ಅದೂ ಲಂಡನ್ನಿನಲ್ಲಿ, ಅಲ್ಲಿ ವೇಲ್ಸ್‌ನವರು ಕೆಲವರೇ. ಇಂಥ ವ್ಯವಸ್ಥೆಯಲ್ಲಿ ಕೆಲಸ ಬೇಗ ಆಗುತ್ತದೆ, ಅನ್ಯಾಯವೂ ಬೇಗ ಆಗುತ್ತದೆ. ಆ ಸಿಟ್ಟು ಆರಲಿಲ್ಲ. 1997ರಲ್ಲಿ ವೇಲ್ಸ್‌ನವರು ತಮ್ಮದೇ ಸಭೆಗೆ ಮತ ಹಾಕಿದಾಗ ಅದರ ಹಿಂದಿನ ನೆನಪುಗಳಲ್ಲಿ ಈ ಊರೂ ಇತ್ತು. 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು.

ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ. ಕೊಲೊರಾಡೊ ನದಿ ಏಳು ರಾಜ್ಯಗಳದ್ದು. 1922ರಲ್ಲಿ ಏಳೂ ರಾಜ್ಯದ ಪ್ರತಿನಿಧಿಗಳು ಕೂತು ಒಂದು ಒಪ್ಪಂದ ಬರೆದರು, ಆದರೆ ಅರಿಜೋನಾ ರಾಜ್ಯದ ಶಾಸನಸಭೆ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1944ರಲ್ಲಿ. ನಡುವೆ ಏನಾಯಿತು ನೋಡಿ. ಅರಿಜೋನಾವನ್ನು ಬಿಟ್ಟೇ ಮುಂದೆ ಹೋಗಲು ದಾರಿ ಮಾಡಿ ಅಲ್ಲಿನ ಸಂಸತ್ತು 1928ರಲ್ಲಿ ಕಾಯ್ದೆ ಮಾಡಿತು, ಹೂವರ್ ಅಣೆಕಟ್ಟು ಎದ್ದದ್ದು ಹಾಗೆ. ಕೆಳಗಡೆ ಪಾರ್ಕರ್ ಅಣೆಕಟ್ಟು ಶುರುವಾದಾಗ 1934ರಲ್ಲಿ ಅರಿಜೋನಾದ ಗವರ್ನರ್ ತಮ್ಮ ರಾಜ್ಯದ ಸೈನಿಕರನ್ನೇ ನದಿ ದಂಡೆಗೆ ಕಳಿಸಿ ಕೆಲಸ ನಿಲ್ಲಿಸಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1935ರಲ್ಲಿ ಕೋರ್ಟು, ಈ ಅಣೆಕಟ್ಟಿಗೆ ಸಂಸತ್ತಿನ ಅನುಮತಿಯೇ ಇಲ್ಲವಲ್ಲ ಅಂತ ಅರಿಜೋನಾದ ಪರ ಹೇಳಿತು. ಸಂಸತ್ತು ಕೂಡಲೇ ಅನುಮತಿ ಕೊಟ್ಟು ಕಾಯ್ದೆ ಮಾಡಿತು, ಕೆಲಸ ಮತ್ತೆ ಶುರುವಾಯಿತು. ಆಮೇಲೆ 1952ರಲ್ಲಿ ಅರಿಜೋನಾ ಕ್ಯಾಲಿಫೋರ್ನಿಯಾ ಮೇಲೆ ದಾವೆ ಹಾಕಿತು, ತೀರ್ಪು ಬಂದದ್ದು 1963ರಲ್ಲಿ. ರಾಜ್ಯ, ಸಂಸತ್ತು, ಕೋರ್ಟು, ಗವರ್ನರ್ ಎಲ್ಲರ ಕೈಯಲ್ಲೂ ಒಂದೊಂದು ಕಡಿವಾಣ. ನಮ್ಮ ಕಾವೇರಿಗೆ 1990ರಿಂದ 2018 ಹಿಡಿಯಿತು ಅಂತ ನಾವು ಬೇಸರ ಪಡುತ್ತೇವೆ, ತಡೆಯುವ ಕೈ ಜಾಸ್ತಿ ಇರುವ ಕಡೆಯೆಲ್ಲ ಇದೇ ಕಥೆ.

ಚೀನಾ ಬಗ್ಗೆ ಬರೆಯುವಾಗ ಎಲ್ಲರೂ ‘ಅಲ್ಲಿ ಹೇಳಿದ್ದೇ ಆಗುತ್ತದೆ’ ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅಷ್ಟು ಸುಲಭ ಇಲ್ಲ. ತ್ರೀ ಗಾರ್ಜಸ್ ಅಣೆಕಟ್ಟಿನ ನಿರ್ಣಯ 1992ರ ಏಪ್ರಿಲ್‌ನಲ್ಲಿ ಅಲ್ಲಿನ ಮಹಾಸಭೆಗೆ, ಅಂದರೆ ಅವರ ಸಂಸತ್ತಿಗೆ ಬಂತು. 1,767 ಜನ ಪರವಾಗಿ, 177 ಜನ ವಿರುದ್ಧವಾಗಿ ಮತ ಹಾಕಿದರು, 664 ಜನ ತಟಸ್ಥರಾಗಿ ಕೂತರು. ಸರ್ಕಾರ ತಂದದ್ದಕ್ಕೆ ಎಲ್ಲ ಕೈ ಎತ್ತುವ ಆ ಸಭೆಯಲ್ಲಿ ಇದು ದೊಡ್ಡ ವಿಷಯವೇ. ಆದರೂ ಅಣೆಕಟ್ಟು ಎದ್ದಿತು, 12 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅಲ್ಲಿ ತಡೆಯುವ ಜಾಗ ಸಭೆಯಲ್ಲಿಲ್ಲ, ಅದಕ್ಕಿಂತ ಬಹಳ ಮುಂಚೆ, ಪಕ್ಷದ ಒಳಗೆ, ಸಚಿವಾಲಯಗಳ ಮತ್ತು ಪ್ರಾಂತ್ಯಗಳ ಚೌಕಾಸಿಯಲ್ಲಿದೆ. 150 ಮೀಟರ್ ಮಟ್ಟಕ್ಕೆ ಅಂತ ಮೊದಲು ಹಾಕಿದ್ದ ಲೆಕ್ಕ ಮೇಲ್ಭಾಗದ ಚೋಂಗ್‌ಚಿಂಗ್ ನಗರಕ್ಕೆ ಹಿಡಿಸಲಿಲ್ಲ, ದೊಡ್ಡ ಹಡಗು ತಮ್ಮೂರಿನವರೆಗೆ ಬರಬೇಕಾದರೆ ನೀರು ಇನ್ನೂ ಏರಬೇಕು ಅಂತ ಅವರು ಪಟ್ಟು ಹಿಡಿದರು. ಕೊನೆಗೆ 175 ಮೀಟರಿಗೆ ನಿಂತಿತು. ಚೌಕಾಸಿ ಅಲ್ಲೂ ಇದೆ. ಆದರೆ ಆ ಕೋಣೆಯೊಳಗೆ ಮುಳುಗಡೆಯ ಊರಿನವನಿಗೆ ಕುರ್ಚಿ ಇಲ್ಲ, ಹೊರಗೆ ಹೋಗಿ ಕೇಳೋಣ ಅಂದರೆ ಸರ್ಕಾರವನ್ನು ನಿಲ್ಲಿಸಬಲ್ಲ ಕೋರ್ಟೂ ಇಲ್ಲ.

ಸ್ವಿಟ್ಜರ್‌ಲೆಂಡಿನ ಬಗ್ಗೆ ಒಂದು ಮಾತು ಸಾಕು. ಅಲ್ಲಿ ಸಂಸತ್ತು ಮಾಡಿದ ಕಾನೂನನ್ನು 100 ದಿನದೊಳಗೆ 50,000 ಸಹಿ ಸೇರಿಸಿದರೆ ಇಡೀ ದೇಶದ ಮತಕ್ಕೆ ಎಳೆಯಬಹುದು. ತಡೆಯುವ ಕೈ ಮತದಾರನದೇ. ಕೇಳಲು ಬಹಳ ಚೆನ್ನ. ಆದರೆ ಅಲ್ಲಿನ ಹೆಂಗಸರಿಗೆ ದೇಶದ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ, ಯಾಕೆಂದರೆ 1959ರಲ್ಲಿ ಗಂಡಸರು ಮತ ಹಾಕಿ ಅದನ್ನು ತಳ್ಳಿಹಾಕಿದ್ದರು. ನಮ್ಮಲ್ಲಿ ಮೊದಲ ಚುನಾವಣೆಯಿಂದಲೇ ಅವ್ವ, ಅಜ್ಜಿ ಎಲ್ಲರೂ ಮತ ಹಾಕಿದರು.

ದುಡ್ಡು ಯಾರದು, ಕೆಲಸ ಯಾರದು

ಇದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಒಂದೇ ಯೋಜನೆಯಲ್ಲಿ ಹೆಸರು ಒಬ್ಬರದು, ದುಡ್ಡು ಇಬ್ಬರದು, ಕೆಲಸ ಮೂರನೆಯವರದು ಆಗಿರುತ್ತದೆ. ಜಲ ಜೀವನ್ ಮಿಷನ್ ನೋಡಿ. 2019ರಲ್ಲಿ ಕೇಂದ್ರ ಘೋಷಿಸಿತು, ನಮ್ಮ ರಾಜ್ಯಕ್ಕೆ ದುಡ್ಡು ಅರ್ಧ ಅರ್ಧ, ಪೈಪು ಹಾಕಿಸುವುದು ರಾಜ್ಯದ ಇಲಾಖೆ, ಆಮೇಲೆ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿ. ನಲ್ಲಿಯಲ್ಲಿ ನೀರು ಬರದಿದ್ದರೆ ನಾಲ್ಕರಲ್ಲಿ ಯಾವ ಕೊಂಡಿ ಕಳಚಿದೆ ಅಂತ ನೋಡದೆ ಬೈದರೆ ಸುಮ್ನೆ ಗಂಟಲು ನೋವು.

ಕಬ್ಬಿನ ಬೆಲೆಯೂ ಹೀಗೇ. ಕಾರ್ಖಾನೆ ಮುಂದೆ ಲೋಡು ನಿಲ್ಲಿಸಿ ಬೆಲೆ ಕೇಳುತ್ತೇವೆ. ಆದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ನಾವು ಎಫ್‌ಆರ್‌ಪಿ ಅನ್ನುವುದು, ದೆಹಲಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿ ನಿಗದಿ ಮಾಡುವುದು. 2024-25ರ ಹಂಗಾಮಿಗೆ ಕಬ್ಬಿನಿಂದ ಸಿಗುವ ಸಕ್ಕರೆ ಇಳುವರಿ ಶೇ 10.25 ಆದರೆ ಕ್ವಿಂಟಲ್‌ಗೆ 340 ರೂಪಾಯಿ, ಶೇ 9.5 ಅಥವಾ ಅದಕ್ಕಿಂತ ಕಮ್ಮಿ ಆದರೆ 315.10 ಇತ್ತು. ಅದು ಕಾರ್ಖಾನೆ ಬಾಗಿಲಿನ ಬೆಲೆ, ಕಟಾವು ಮತ್ತು ಸಾಗಣೆ ಅದರಿಂದಲೇ ಹೋಗುತ್ತದೆ. ದುಡ್ಡು 14 ದಿನದಲ್ಲಿ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು ಅನ್ನುವುದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬೆಲೆ ಸಾಲದು ಅಂದರೆ ದೆಹಲಿ, ದುಡ್ಡು ಬಂದಿಲ್ಲ ಅಂದರೆ ಜಿಲ್ಲಾಧಿಕಾರಿ ಮತ್ತು ಸಕ್ಕರೆ ಆಯುಕ್ತರು. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆಯಬೇಡಿ.

ಕೊನೆಯ ಕೈಯನ್ನು ಮರೆಯಬೇಡಿ

ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಕಾಯ್ದೆ ಏನು ಹೇಳುತ್ತದೆ ಅನ್ನುವುದಕ್ಕಿಂತ ಅದನ್ನು ಜಾರಿ ಮಾಡುವ ಜಾಗ ಎಲ್ಲಿ ಇಟ್ಟಿದ್ದಾರೆ ಅನ್ನುವುದರ ಮೇಲೆ ನಮ್ಮ ಬದುಕು ನಿಂತಿರುತ್ತದೆ.

ನಮ್ಮ ತಾತನ ಕಾಲದ ಉದಾಹರಣೆ ಕೊಡುತ್ತೇನೆ. ಗೇಣಿ ಮಾಡುವವರಿಗೆ ರಕ್ಷಣೆ ಕೊಡುವ ಭೂಸುಧಾರಣೆ ಕಾಯ್ದೆ 1961ರದ್ದೇ ಇತ್ತು. ವಿನಾಯಿತಿ ಜಾಸ್ತಿ, ಸಿಕ್ಕಿದ ಭೂಮಿ ಕಮ್ಮಿ. ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿ ಆದಮೇಲೆ ತಿದ್ದುಪಡಿ ತಂದರು, ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿಯನ್ನೇ ತೆಗೆದರು, ಅದರ ಜೊತೆಗೆ ತೀರ್ಮಾನ ಮಾಡುವ ಜಾಗವನ್ನೂ ಬದಲಾಯಿಸಿದರು. ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿ. ಏಳನೇ ನಂಬರ್ ಫಾರಂ ತುಂಬಿ ಗೇಣಿದಾರ ತಾನೇ ಹೋಗಿ ನಿಂತು ಮಾತಾಡಬೇಕಿತ್ತು, ವಕೀಲರಿಗೆ ಆಗ ಅಲ್ಲಿ ಪ್ರವೇಶ ಇರಲಿಲ್ಲ. ಒಡೆಯನ ಹತ್ತಿರ ದೊಡ್ಡ ವಕೀಲ, ಗೇಣಿದಾರನ ಹತ್ತಿರ ಬಸ್ಸಿನ ದುಡ್ಡೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಅದು ಎಷ್ಟು ದೊಡ್ಡ ಬದಲಾವಣೆ ಅಂತ ಯೋಚಿಸಿ. ಉಳುವವನೇ ಒಡೆಯ ಅನ್ನುವ ಮಾತಿಗೆ ಜೀವ ಬಂದದ್ದು ಆ ತಾಲ್ಲೂಕು ಕಚೇರಿಯ ಬೆಂಚಿನಲ್ಲಿ.

ನೀರಿನಲ್ಲೂ ಕೊನೆಯ ಕೈ ಬೇರೆಯೇ ಇದೆ. ಪ್ರಾಧಿಕಾರ, ಕೋರ್ಟು ಎಲ್ಲ ಮುಗಿದು ನಮ್ಮ ಪಾಲಿಗೆ ಉಳಿದ ನೀರನ್ನು ಯಾವ ನಾಲೆಗೆ, ಎಷ್ಟು ದಿನ, ಕಟ್ಟು ಪದ್ಧತಿಯಲ್ಲೋ ಸತತವಾಗೋ ಅಂತ ಹೇಳುವುದು ಸಚಿವರು, ಶಾಸಕರು, ಇಂಜಿನಿಯರುಗಳು ಕೂರುವ ನೀರಾವರಿ ಸಲಹಾ ಸಮಿತಿ. ಅದರ ಪ್ರಕಾರ ಬಿಡುವುದು ಕಾವೇರಿ ನೀರಾವರಿ ನಿಗಮ. ಕೊನೆಗೆ ತೂಬು ಎತ್ತುವುದು ನೀರುಗಂಟಿ. ಮೇಲಿನ ಊರಿನವರು ರಾತ್ರಿ ತೂಬಿಗೆ ಕೈ ಹಾಕಿದಾಗ ಅವನೊಬ್ಬನೇ ಅಲ್ಲಿ ನಿಂತಿರುತ್ತಾನೆ. 284.75 ಟಿಎಂಸಿಯ ತೀರ್ಪು ಆ ಹೊತ್ತಿನಲ್ಲಿ ಅವನ ಕೈಯಲ್ಲಿದೆ. ಅವನಿಗೆ ಸರಿಯಾಗಿ ಸಂಬಳ ಸಿಗಬೇಕು ಅನ್ನುವುದೂ ನೀರಾವರಿ ನೀತಿಯ ಒಂದು ಭಾಗ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಯಾವ ಬಾಗಿಲು ತಟ್ಟಬೇಕು

ನಾಲೆ ಮತ್ತು ಉಪಕಾಲುವೆ ನಿಗಮದ್ದು. ಹೊಲಗಾಲುವೆ ಕಾಡಾದ್ದು (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ), ಅದರ ಕಚೇರಿ ಮೈಸೂರಿನಲ್ಲಿದೆ. ಕೆರೆ ಆದರೆ 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು ಇದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಮ್ಮಿ ಇದ್ದರೆ ಪಂಚಾಯತ್ ರಾಜ್ ಕಡೆ. ಇಷ್ಟು ನಮಗೆ ಮೊದಲೇ ಗೊತ್ತಿದ್ದರೆ ಆ ಒಂದೂವರೆ ವರ್ಷ ಉಳಿಯುತ್ತಿತ್ತು.

ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಲು ಮಾಹಿತಿ ಹಕ್ಕು ಕಾಯ್ದೆ ಇದೆ, 2005ರದ್ದು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ದಾಟಬಾರದು ಅಂತಿದೆ. ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಉತ್ತರ ಕೊಡಬೇಕಿಲ್ಲ. ಕಾಗದ ಕೇಳಿ. ಈ ವಿಷಯದ ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ ಅಂತ ಕೇಳಿ. ಕಡತ ಯಾವ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು, ಯಾರು ಏನು ಬರೆದು ಮುಂದಕ್ಕೆ ಕಳಿಸಿದರು ಅನ್ನುವುದೆಲ್ಲ ಆ ಹಾಳೆಯಲ್ಲಿ ಇರುತ್ತದೆ. ತಡೆಯುವ ಕೈ ಯಾವುದು ಅಂತ ಊಹೆ ಮಾಡುವುದೇ ಬೇಡ.

ಅದು ಸಿಕ್ಕಮೇಲೆ ಸಮಯ ನೋಡಿ ಹೋಗಿ. ಸಲಹಾ ಸಮಿತಿಗೆ ಹೇಳುವುದಿದ್ದರೆ ಸಭೆಗೆ ಮುಂಚೆ. ಕರಡು ನಿಯಮದ ಮೇಲೆ ಆಕ್ಷೇಪಣೆ ಇದ್ದರೆ ರಾಜ್ಯಪತ್ರದಲ್ಲಿ ಎಷ್ಟು ದಿನ ಅಂತ ಬರೆದಿರುತ್ತದೋ ಅಷ್ಟರೊಳಗೆ. ಶಾಸಕರಿಂದ ಆಗಬೇಕಾದದ್ದು ಇದ್ದರೆ ಅಧಿವೇಶನಕ್ಕೆ ಮುಂಚೆ, ಬರೀ ಮನವಿ ಕೊಡದೆ ಪ್ರಶ್ನೆಯನ್ನೇ ಬರೆದುಕೊಂಡು ಹೋಗಿ. ಚುಕ್ಕೆ ಗುರುತಿನ ಪ್ರಶ್ನೆ ಆದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಉತ್ತರ ಬರೆಯುವ ಅಧಿಕಾರಿ ಆ ದಿನ ಕಡತ ತೆಗೆದೇ ತೆಗೆಯುತ್ತಾರೆ.

ನಮ್ಮ ಎರಡನೇ ಅರ್ಜಿ ಒಂದು ಪುಟಕ್ಕಿಂತ ಕಮ್ಮಿ ಇತ್ತು. ಉಪಕಾಲುವೆಯ ಹೆಸರು, ಎಷ್ಟನೇ ಕಿಲೋಮೀಟರಿನಿಂದ ಎಷ್ಟರವರೆಗೆ ಹೂಳು, ಕೆಳಗೆ ಎಷ್ಟು ಎಕರೆ ಒಣಗುತ್ತದೆ, ಅಷ್ಟೇ. ಸರಿಯಾದ ವಿಭಾಗದ ಕಾರ್ಯಪಾಲಕ ಇಂಜಿನಿಯರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೆವು, ಒಂದು ಪ್ರತಿ ಸಲಹಾ ಸಮಿತಿಯ ಸದಸ್ಯರಿಗೆ ಕೊಟ್ಟೆವು. ಮುಂದಿನ ಬೇಸಿಗೆಗೆ ಯಂತ್ರ ಬಂತು. ಅರ್ಧ ಕಾಲುವೆ ಆಗಿದೆ. ಉಳಿದರ್ಧದ ಟಿಪ್ಪಣಿ ಹಾಳೆ ಕೇಳಿ ಹೋದ ವಾರ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇನೆ.